ಮಳೆ ನೆಪ, ಬಿರುಕು ಮೂಲ

2021ರ ಅಕ್ಟೋಬರ್ 11ರ ರಾತ್ರಿ ಹತ್ತು ಗಂಟೆಯ ಸುಮಾರಿಗೆ ನಮ್ಮ ಜಿಲ್ಲೆಯ ಪೂರ್ವದ ಹಳ್ಳಿಗಳಲ್ಲಿ ನೆಲ ನಡುಗಿತು. ಮಾಪಕ ತೋರಿಸಿದ್ದು 4.1. ಚಿಂಚೋಳಿ ತಾಲೂಕಿನ ಗಡಿಕೇಶ್ವರ, ಅದರ ಸುತ್ತಲಿನ ಊರುಗಳು, ಕಾಳಗಿ ತಾಲೂಕಿನ ಹಲಚೇರಾ ಕಡೆಯ ಜನ ಮನೆ ಬಿಟ್ಟು ಹೊರಗೆ ಓಡಿ ಬಂದರು. ಅದಕ್ಕೂ ಮುಂಚಿನ ದಿನಗಳಲ್ಲಿ ಸಣ್ಣ ಕಂಪನಗಳು ಆಗಿದ್ದವು. ಮರುದಿನ ಬೆಳಿಗ್ಗೆ ಮತ್ತೊಂದು ಆಯಿತು. ಕೆಲವರು ಬಯಲಲ್ಲಿ ಮಲಗಿದರು, ಕೆಲವರು ಮಕ್ಕಳನ್ನು ಕಟ್ಟಿಕೊಂಡು ಬೀಗರ ಊರಿಗೆ ಹೋದರು. ನೆಲದೊಳಗಿಂದ ಗುಡುಗಿದಂಥ ಸದ್ದು ಬರುತ್ತದೆ ಎಂದು ಅಲ್ಲಿಯ ಜನ ಅದಕ್ಕೂ ಕೆಲ ವರ್ಷ ಮೊದಲಿನಿಂದಲೇ ಹೇಳುತ್ತಿದ್ದರು.

ಅಧಿಕಾರಿಗಳು ಬಂದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ತಜ್ಞರೂ ಬಂದರು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೊಟ್ಟ ವಿವರಣೆ ಎಲ್ಲ ಪತ್ರಿಕೆಗಳಲ್ಲೂ ಬಂತು: ಈ ಸಲ ಮಳೆ ಹೆಚ್ಚು, ನೀರು ಸುಣ್ಣಕಲ್ಲಿನ ಸಂದಿಗಳಲ್ಲಿ ಇಳಿದಿದೆ, ಒಳಗೆ ಒತ್ತಡ ಏರಿ ಸಣ್ಣ ಕಂಪನಗಳಾಗುತ್ತಿವೆ, ಮಳೆಗಾಲದ ನಂತರ ಇಂಥದ್ದು ಸಹಜ, ಹೆದರಬೇಕಾಗಿಲ್ಲ.

ಈ ವಿವರಣೆ ಸುಳ್ಳಲ್ಲ, ಆದರೆ ಅರ್ಧದ್ದು. ನೀರು ಇಳಿಯಲು ಅಲ್ಲಿ ಬಿರುಕು ಇರಬೇಕು. ಆ ಬಿರುಕಿನ ಎರಡೂ ಕಡೆಯ ಬಂಡೆ ಮೊದಲೇ ಬಿಗಿದು ನಿಂತಿರಬೇಕು. ಮಳೆ ಇಲ್ಲಿ ನೆಪ, ಮೂಲ ಇರುವುದು ಬಿರುಕಿನಲ್ಲಿ. ನೆಪದ ಬಗ್ಗೆಯಷ್ಟೇ ಮಾತಾಡಿದರೆ ಚಳಿಗಾಲ ಬಂದ ಕೂಡಲೇ ವಿಷಯ ಮುಗಿಯುತ್ತದೆ. ಸರ್ಕಾರಿ ಕಡತದಲ್ಲಿ ಮುಗಿದದ್ದೂ ಹಾಗೆಯೇ. ಬಿರುಕು ಮಾತ್ರ ಎಲ್ಲಿಗೂ ಹೋಗಿಲ್ಲ. ಅದು ನಮಗೆ ಬಂದ ಪಿತ್ರಾರ್ಜಿತ ಆಸ್ತಿ. ಅದರ ಪಹಣಿ ನಮ್ಮ ಕೈಗೆ ಸಿಗಬೇಕು ಎಂಬುದು ಈ ಬರಹದ ವಾದ.

ನಮ್ಮ ನೆಲದ ವಂಶಾವಳಿ ನೋಡೋಣ. ಎಲ್ಲಕ್ಕೂ ತಳದಲ್ಲಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ, ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಮೇಲೆ ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರ ಇತ್ತು. ಅದರಲ್ಲಿ ಮರಳು, ಕೆಸರು, ಸುಣ್ಣ ಪದರ ಪದರವಾಗಿ ಕೂತು ಕಲ್ಲಾದವು. ಇಂದಿನ ಶಹಾಬಾದ್ ಕಲ್ಲು, ವಾಡಿ, ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳು ಅರೆಯುವ ಸುಣ್ಣಕಲ್ಲು ಎಲ್ಲವೂ ಆ ಸಮುದ್ರದ ಉಳಿಕೆ. ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನದ ಶಿಲಾಸಮೂಹ ಎನ್ನುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ 1876ರಷ್ಟು ಹಿಂದೆಯೇ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಸುಮಾರು 5,000 ಚದರ ಕಿಲೋಮೀಟರ್ ಹರಡಿರುವ ಈ ಕಲ್ಲಿನ ದಪ್ಪ ಸುಮಾರು 300 ಮೀಟರ್ ಮಾತ್ರ. ವಯಸ್ಸು 50 ಕೋಟಿ ವರ್ಷಕ್ಕಿಂತ ಹೆಚ್ಚು. ಇದರ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಲಾವಾ ಹರಿದು ಹೆಪ್ಪುಗಟ್ಟಿತು. ಕಲಬುರಗಿ, ಚಿಂಚೋಳಿ ಕಡೆಯ ಕರಿಕಲ್ಲು ಅದು, ನಾವು ತೊಗರಿ ಬೆಳೆಯುವ ಎರೆ ಭೂಮಿ ಅದರದೇ ಪುಡಿ.

ಈ ಮೂರು ಹೊದಿಕೆಗಳಲ್ಲಿ ತಳದ ಎರಡನ್ನು ಸೀಳಿಕೊಂಡು ಹೋದ ಹಳೆಯ ಗಾಯಗಳಿವೆ. ಪಠ್ಯಪುಸ್ತಕ ಇವನ್ನು ಸ್ತರಭಂಗ ಎನ್ನುತ್ತದೆ. ಒಂದು ಕಡೆಯ ಬಂಡೆ ಇನ್ನೊಂದು ಕಡೆಯ ಬಂಡೆಗೆ ಹೋಲಿಸಿದರೆ ಜಾರಿರುವ ಬಿರುಕು ಎಂದರ್ಥ. ಭೀಮಾ ಜಲಾನಯನ ನಕ್ಷೆಯಲ್ಲಿ ನೈಋತ್ಯದಿಂದ ಈಶಾನ್ಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದಕ್ಕೆ ಪೂರ್ವ–ಪಶ್ಚಿಮವಾಗಿ ಮತ್ತು ವಾಯವ್ಯ–ಆಗ್ನೇಯವಾಗಿ ಹಾದುಹೋಗುವ ಇಂಥ ಬಿರುಕುಗಳೇ ಕಾರಣ. ಅವುಗಳಲ್ಲಿ ಒಂದಕ್ಕೆ ವಾಡಿಯ ಹೆಸರೇ ಇದೆ. ಯಾದಗಿರಿ ಜಿಲ್ಲೆಯ ಗೋಗಿ–ಕುರ್ಲಗೇರಿ ಬಿರುಕು ಇನ್ನೂ ಹೆಸರಾದದ್ದು, ಏಕೆಂದರೆ ಆ ಬಿರುಕಿನಲ್ಲಿ ಪುಡಿಯಾದ ಸುಣ್ಣಕಲ್ಲು ಮತ್ತು ಗ್ರಾನೈಟ್‌ನಲ್ಲಿ ಯುರೇನಿಯಂ ಸಿಕ್ಕಿದೆ. ಆ ಬಿರುಕನ್ನು ಯುರೇನಿಯಂಗಾಗಿ ಸರ್ಕಾರ ಅಡಿ ಅಡಿಯಾಗಿ ಕೊರೆದು ನೋಡಿದೆ. ಅದಿರು ಸಿಗುವ ಬಿರುಕಿಗೆ ನಕ್ಷೆ ಉಂಟು. ಜನ ಮಲಗುವ ಊರಿನ ಕೆಳಗಿನ ಬಿರುಕಿನ ನಕ್ಷೆಯನ್ನು ಯಾವ ಗ್ರಾಮ ಪಂಚಾಯಿತಿಯ ಗೋಡೆಯಲ್ಲಿಯೂ ನಾವು ಕಂಡಿಲ್ಲ.

ಹಳೆಯ ಬಿರುಕು ಯಾಕೆ ಮುಖ್ಯ? ಇದನ್ನು ಶಹಾಬಾದಿನ ಕಲ್ಲುಗಣಿಯ ಕಾರ್ಮಿಕರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಅವರು ಕಲ್ಲನ್ನು ಎಲ್ಲೆಂದರಲ್ಲಿ ಒಡೆಯುವುದಿಲ್ಲ. ಮೊದಲು ಪದರ ನೋಡುತ್ತಾರೆ, ಗೆರೆ ನೋಡುತ್ತಾರೆ, ಅಲ್ಲಿ ಉಳಿ ಇಟ್ಟು ಹೊಡೆಯುತ್ತಾರೆ. ಕಲ್ಲು ಹಾಸಿನಂತೆ ಬಿಚ್ಚಿಕೊಳ್ಳುತ್ತದೆ. ಗೆರೆ ಬಿಟ್ಟು ಹೊಡೆದರೆ ತೋಳು ಸೋಲುತ್ತದೆ, ಕಲ್ಲು ಕೆಡುತ್ತದೆ. ಹೊಸದಾಗಿ ಸೀಳುವುದಕ್ಕಿಂತ ಹಳೆಯ ಸೀಳಿನಲ್ಲಿ ಸರಿಯುವುದು ಕಲ್ಲಿಗೂ ಸುಲಭ. ಭೂಮಿಯ ವಿಷಯದಲ್ಲಿಯೂ ನಿಯಮ ಇದೇ. ಕೋಟಿಗಟ್ಟಲೆ ವರ್ಷಗಳ ಹಿಂದೆ ಬೇರೆ ಯಾವುದೋ ಒತ್ತಡಕ್ಕೆ ಹುಟ್ಟಿದ ಬಿರುಕು, ಇಂದಿನ ಒತ್ತಡಕ್ಕೆ ಮತ್ತೆ ಬಾಯಿ ತೆರೆಯುತ್ತದೆ.

ಇಂದಿನ ಒತ್ತಡ ಬರುವುದು ಎಲ್ಲಿಂದ? ನಮ್ಮೂರಿನಿಂದ ಬಹು ದೂರದ ಹಿಮಾಲಯದಿಂದ. ಭಾರತದ ನೆಲ ಇಡಿಯಾಗಿ ಒಂದು ದೊಡ್ಡ ಫಲಕ. ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತ, ಸುಮಾರು 5 ಕೋಟಿ ವರ್ಷಗಳಿಂದ ಏಷ್ಯಾದ ನೆಲಕ್ಕೆ ಹಣೆ ಒತ್ತಿ ನಿಂತಿದೆ. ಆ ಸರಿತದಲ್ಲಿ ಸುಮಾರು 2 ಸೆಂಟಿಮೀಟರ್ ಹಿಮಾಲಯದ ಅಡಿಯಲ್ಲೇ ಮುಗಿಯುತ್ತದೆ, ಉಳಿದದ್ದು ಟಿಬೆಟ್ ಮತ್ತು ಅದರಾಚೆಯ ನೆಲವನ್ನು ಹಿಂಡುತ್ತದೆ. ಎತ್ತಿನ ಗಾಡಿ ದಿನ್ನೆಗೆ ತಾಗಿ ನಿಂತರೆ ಮೂಕಿಗೆ ಬಿದ್ದ ಒತ್ತಡ ಹಿಂದಿನ ಹಲಗೆಗೂ ತಲುಪುತ್ತದಲ್ಲ, ಹಾಗೆ ಆ ಒತ್ತಡ ಫಲಕದ ಬೆನ್ನಿನುದ್ದಕ್ಕೂ ಹರಡಿದೆ. ನಮ್ಮ ಭಾಗದಲ್ಲಿ ಅದು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಹಿಂಡುತ್ತದೆ. ಪೂರ್ವ–ಪಶ್ಚಿಮವಾಗಿ ಮಲಗಿದ ಹಳೆಯ ಬಿರುಕುಗಳು ಆ ಹಿಂಡುವಿಕೆಗೆ ಅಡ್ಡವಾಗಿ ಸಿಕ್ಕಿಕೊಂಡಿವೆ.

ಹಿಮಾಲಯದಲ್ಲಿ ಇದೇ ನಿಯಮ ದೊಡ್ಡ ಅಕ್ಷರದಲ್ಲಿ ಬರೆದಿದೆ. ಹೊಲದಲ್ಲಿ ಕುಂಟೆ ಹೊಡೆಯುವುದನ್ನು ನೆನಪಿಸಿಕೊಳ್ಳಿ. ಅಲಗಿನ ಮುಂದೆ ಮಣ್ಣು ಗುಪ್ಪೆಯಾಗುತ್ತದೆ. ಹಿಮಾಲಯದಲ್ಲಿ ಕುಂಟೆ ನಿಂತಿದೆ, ಹೊಲವೇ ಸರಿದು ಬರುತ್ತಿದೆ ಎಂದುಕೊಳ್ಳಿ. ಸರಿದು ಬರುವ ಹೊಲ ನಮ್ಮ ಫಲಕ, ಅದರ ಮೇಲಿನಿಂದ ಕೆರೆದು ಎದ್ದ ಗುಪ್ಪೆಯ ಅಂಚು ಶಿವಾಲಿಕ್ ಬೆಟ್ಟಗಳು. ಹೊಲ ಸಮತಟ್ಟಾಗಿದ್ದರೆ ಗುಪ್ಪೆಯ ಅಂಚು ನೇರವಾಗಿರಬೇಕಿತ್ತು. ಆದರೆ ಶಿವಾಲಿಕ್ ಸಾಲು ಹಿಮಾಚಲದ ಕಾಂಗ್ರಾ ಕಡೆ ಅಗಲವಾಗಿ ಹರಡಿದೆ, ಸ್ವಲ್ಪ ಪೂರ್ವಕ್ಕೆ ನಾಹನ್ ಹತ್ತಿರ ಕಿರಿದಾಗಿದೆ, ಡೆಹ್ರಾಡೂನ್ ಬಳಿ ಮತ್ತೆ ಅಗಲವಾಗಿದೆ. ಒಂದೇ ಒತ್ತಡ, ಒಂದೇ ಬೆಟ್ಟಸಾಲು, ಆಕಾರ ಮಾತ್ರ ಊರಿಗೊಂದು.

ಕಾರಣ ಹುಡುಕಿದವರು ಗುಪ್ಪೆ ಬಿಟ್ಟು ಹೊಲದೊಳಗೆ ನೋಡಿದರು. ಗಂಗೆಯ ಮೆಕ್ಕಲು ಮಣ್ಣಿನ ಕೆಳಗೆ ಹಳೆಯ ಬಂಡೆಯ ದಿಣ್ಣೆಗಳು ಹೂತಿವೆ. ಅರಾವಳಿಯ ಮುಂದುವರಿಕೆಯಾದ ದೆಹಲಿ–ಹರಿದ್ವಾರ ದಿಣ್ಣೆ, ಬುಂದೇಲಖಂಡದ ಬಂಡೆಯ ಮುಂದುವರಿಕೆಯಾದ ಫೈಜಾಬಾದ್ ದಿಣ್ಣೆ, ಬಿಹಾರದ ಮುಂಗೇರ್–ಸಹರ್ಸಾ ದಿಣ್ಣೆ. ಇವು ಹಿಮಾಲಯ ಹುಟ್ಟುವುದಕ್ಕಿಂತ ಎಷ್ಟೋ ಹಳೆಯವು. ಫಲಕದ ಜೊತೆ ಇವೂ ಬೆಟ್ಟದ ಅಡಿಗೆ ಹೋಗುತ್ತಿವೆ. ಹೊಲದಲ್ಲಿ ಒಂದು ಕಲ್ಲಿನ ಅಂಚು ಎದ್ದಿದ್ದರೆ ಕುಂಟೆ ಅಲ್ಲಿ ಕುಪ್ಪಳಿಸಿ ಗುಪ್ಪೆ ಮುರಿಯುವಂತೆ, ಈ ದಿಣ್ಣೆಗಳು ಬೆಟ್ಟದ ಅಂಚನ್ನು ತುಂಡು ತುಂಡಾಗಿ ಭಾಗ ಮಾಡಿವೆ ಎಂದು ಹಲವು ಭೂವಿಜ್ಞಾನಿಗಳು ವಾದಿಸುತ್ತಾರೆ. ದೊಡ್ಡ ಭೂಕಂಪದ ಸೀಳು ಎಲ್ಲಿಯವರೆಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೂ ಅವರು ಈ ಹೂತ ರಚನೆಗಳ ಕಡೆಗೇ ಬೆರಳು ತೋರಿಸುತ್ತಾರೆ. 2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾದಲ್ಲಿ ಶುರುವಾದ 7.8 ತೀವ್ರತೆಯ ಭೂಕಂಪದ ಸೀಳು ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ಓಡಿ ನಿಂತಿತು. ಆ ಪೂರ್ವದ ತುದಿಯಲ್ಲಿಯೇ ಮೇ 12ರಂದು 7.3ರ ಇನ್ನೊಂದು ಭೂಕಂಪವಾಯಿತು. ಯಾವ ಜಿಲ್ಲೆ ಉಳಿಯಿತು, ಯಾವ ಜಿಲ್ಲೆ ಉರುಳಿತು ಎಂಬುದರಲ್ಲಿ ನೆಲದ ಕೆಳಗಿನ ಹಳೆಯ ಲೆಕ್ಕಕ್ಕೂ ಪಾಲಿದೆ.

ಹಿಮಾಲಯದವರಿಗೆ ಒಂದು ಅನುಕೂಲ ಇದೆ. ಅವರ ಕಣ್ಣೆದುರು ಬೆಟ್ಟ ನಿಂತಿದೆ. ಅಪಾಯ ಇದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಮ್ಮದು ಬಯಲು ಸೀಮೆ. ತೊಗರಿ ಹೊಲದಲ್ಲಿ ನಿಂತವರಿಗೆ ಬಿರುಕು ಕಾಣುವುದಿಲ್ಲ. ಲಾವಾದ ಹೊದಿಕೆ ಅದನ್ನು ಮುಚ್ಚಿದೆ, ಎರೆ ಮಣ್ಣು ಲಾವಾವನ್ನು ಮುಚ್ಚಿದೆ. ಮುಚ್ಚಿಟ್ಟದ್ದು ಇಲ್ಲವೇ ಇಲ್ಲ ಎಂದು ನಂಬಿದ ಊರಿನ ಕಥೆ ನಮ್ಮ ಪಕ್ಕದಲ್ಲೇ ಇದೆ.

ಆ ಊರು ಕಿಲ್ಲಾರಿ. ಕಾಳಗಿಯಿಂದ ನೇರ ಗೆರೆ ಎಳೆದರೆ ಸುಮಾರು ನೂರು ಕಿಲೋಮೀಟರ್. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ದಣಿದು ಮಲಗಿದ್ದ ಹೊತ್ತು, 6.2 ತೀವ್ರತೆಯ ಭೂಕಂಪ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳನ್ನು ಉರುಳಿಸಿತು. ಸತ್ತವರು ಹತ್ತು ಸಾವಿರದ ಹತ್ತಿರ. ಅಂದಿನ ಅಧಿಕೃತ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಇದ್ದದ್ದು ವಲಯ ಒಂದರಲ್ಲಿ, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. ಆಮೇಲೆ ತಜ್ಞರು ಅಲ್ಲಿ ಕೊರೆದು ನೋಡಿದರು. 338 ಮೀಟರ್ ಲಾವಾ ಕಲ್ಲು ದಾಟಿದ ಮೇಲೆ ಹಳೆಯ ತಳಬಂಡೆ ಸಿಕ್ಕಿತು. ಭೂಕಂಪ ಹುಟ್ಟಿದ್ದು ಆ ತಳಬಂಡೆಯಲ್ಲಿ. ಉತ್ತರ–ದಕ್ಷಿಣದ ಹಿಂಡುವಿಕೆಗೆ ಒಂದು ಬದಿಯ ಬಂಡೆ ಇನ್ನೊಂದರ ಮೇಲೆ ಏರಿತ್ತು. ಆ ಸೀಳು ಹಿಂದೆಯೂ ಜಾರಿದ್ದಕ್ಕೆ ಗುರುತುಗಳು ಸಿಕ್ಕಿವೆ ಎಂದು ಅಗೆದು ನೋಡಿದ ವಿಜ್ಞಾನಿಗಳು ಬರೆದರು. 2002ರಲ್ಲಿ ನಕ್ಷೆ ತಿದ್ದಿದಾಗ ವಲಯ ಒಂದನ್ನೇ ತೆಗೆದು ಹಾಕಿದರು. ಕಿಲ್ಲಾರಿ ಭಾಗ ವಲಯ ಮೂರಕ್ಕೆ ಬಂತು, ಕಲಬುರಗಿ ವಲಯ ಎರಡರಲ್ಲಿ ಉಳಿಯಿತು. ಅಂದರೆ ನಕ್ಷೆ ಬದಲಾದದ್ದು ಜನ ಸತ್ತ ಮೇಲೆ.

ಇನ್ನೊಂದು ಸಂಗತಿ. ಆ ದುರಂತಕ್ಕೆ ಒಂದು ವರ್ಷ ಮೊದಲು, 1992ರಲ್ಲಿ, ಕಿಲ್ಲಾರಿ ಸುತ್ತ ಸಣ್ಣ ಕಂಪನಗಳ ಸರಣಿಯೇ ಆಗಿತ್ತು. ಇದನ್ನು ಎಚ್ಚರಿಕೆಯಿಂದ ಓದಬೇಕು. ಸಣ್ಣ ಕಂಪನವಾದಲ್ಲೆಲ್ಲ ದೊಡ್ಡದು ಬರುತ್ತದೆ ಎಂದು ಅರ್ಥವಲ್ಲ. ಇಂಥ ಸರಣಿಗಳಲ್ಲಿ ಹೆಚ್ಚಿನವು ತಾವಾಗಿ ತಣ್ಣಗಾಗುತ್ತವೆ. 4.1ಕ್ಕೂ 6.2ಕ್ಕೂ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು 1,400 ಪಟ್ಟು ಅಂತರ ಇದೆ. ಗಡಿಕೇಶ್ವರ ಇನ್ನೊಂದು ಕಿಲ್ಲಾರಿ ಆಗುತ್ತದೆ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ, ಆಗುವುದೇ ಇಲ್ಲ ಎಂದು ಹೇಳುವ ಹಕ್ಕೂ ಯಾರಿಗೂ ಇಲ್ಲ. ‘ಹೆದರಬೇಡಿ’ ಎಂಬ ಒಂದು ಮಾತು ಈ ಎರಡನೆಯ ಹಕ್ಕನ್ನು ಸದ್ದಿಲ್ಲದೆ ತೆಗೆದುಕೊಂಡುಬಿಡುತ್ತದೆ. ನಮ್ಮ ತಕರಾರು ಅದರ ಮೇಲೆ.

ಮಳೆಯ ವಾದವನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ನೀರಿನಿಂದ ಕಂಪನ ಎಂದರೆ ಸಣ್ಣ ಕಂಪನ ಎಂದೇ ಅರ್ಥವಲ್ಲ. ಮಹಾರಾಷ್ಟ್ರದ ಕೊಯ್ನಾ ಜಲಾಶಯ ತುಂಬಿದ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರ್ 11ರಂದು, 6ಕ್ಕೂ ಮೀರಿದ ಭೂಕಂಪವಾಗಿ ಕೊಯ್ನಾನಗರ ಹಾಳಾಯಿತು. ನೀರಿನ ಒತ್ತಡ ಹಳೆಯ ಬಿರುಕನ್ನು ಸಡಿಲಿಸಿದ್ದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಅದು. ಮಳೆಯ ನೀರು ಅಣೆಕಟ್ಟಿನ ನೀರಿಗೆ ಸಮ ಎಂದು ನಾವು ಹೇಳುತ್ತಿಲ್ಲ. ಆದರೆ ನೀರು ಎಷ್ಟು ಎಂಬುದರ ಜೊತೆಗೆ, ಅದು ಇಳಿದ ಬಿರುಕು ಎಷ್ಟು ಉದ್ದ, ಎಷ್ಟು ಆಳ, ಎಷ್ಟು ಬಿಗಿದಿದೆ ಎಂಬ ಪ್ರಶ್ನೆಗಳಿಗೂ ಉತ್ತರ ಬೇಕು.

ಊರಿನ ಜನ ಇನ್ನೊಂದು ಕಾರಣ ಹೇಳುತ್ತಾರೆ: ಸುಣ್ಣಕಲ್ಲಿನ ಗಣಿಗಳಲ್ಲಿ ಸಿಡಿಸುವ ಮದ್ದು. ಅಧಿಕಾರಿಗಳು ಇದನ್ನು ಕೇಳಿ ನಕ್ಕು ಬಿಡುತ್ತಾರೆ. ನಗುವ ವಿಷಯ ಅಲ್ಲ ಇದು. ಮದ್ದಿನ ಅದುರು ಹುಟ್ಟುವುದು ನೆಲದ ಮೇಲ್ಪದರದಲ್ಲಿ, ಅದಕ್ಕೆ ಹೊತ್ತು ಗೊತ್ತು ಇರುತ್ತದೆ. ಭೂಕಂಪ ಹುಟ್ಟುವುದು ಆಳದಲ್ಲಿ, ಅದಕ್ಕೆ ಹೊತ್ತು ಗೊತ್ತಿಲ್ಲ. ಎರಡರ ಅಲೆಗಳ ಗೆರೆಯೂ ಬೇರೆ. ಹತ್ತಿರದಲ್ಲಿ ಮೂರ್ನಾಲ್ಕು ಕಂಪನಮಾಪಕಗಳಿದ್ದು, ಗಣಿಯಲ್ಲಿ ಮದ್ದು ಸಿಡಿಸಿದ ಸಮಯದ ದಾಖಲೆ ಪಕ್ಕದಲ್ಲಿದ್ದರೆ ಯಾವುದು ಯಾವುದೆಂದು ತಜ್ಞರು ಬಿಡಿಸಿ ಹೇಳಬಲ್ಲರು. ಈ ಎರಡನ್ನೂ ಜನರ ಮುಂದೆ ಇಡದೆ ಜನರನ್ನು ಅನುಮಾನದವರು ಎಂದು ದೂರುವುದು ನ್ಯಾಯವಲ್ಲ. ಲೆಕ್ಕ ತೋರಿಸದ ಕಡೆ ಅನುಮಾನ ಹುಟ್ಟುವುದು ಸಹಜ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಬಿರುಕಲ್ಲ, ಗೋಡೆ. ಅಲ್ಲಿಯ ಮನೆಗಳ ಗೋಡೆ ಎಂದರೆ ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಚಿಲ್ಲರೆ ಕಲ್ಲು, ಕೆಸರು ಮಣ್ಣು. ಮೇಲೆ ಭಾರದ ಮಣ್ಣಿನ ಮಾಳಿಗೆ. ನೆಲ ಅಲುಗಿದಾಗ ಎರಡು ಸಾಲುಗಳೂ ಬೇರೆ ಬೇರೆಯಾಗಿ ಬಿಚ್ಚಿಕೊಂಡವು, ಮಾಳಿಗೆ ಕುಸಿಯಿತು. ನಮ್ಮ ಕಾಳಗಿ, ಚಿಂಚೋಳಿ, ಸೇಡಂ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ತಂಪು, ನೂರು ವರ್ಷ ಬಾಳಿಕೆ, ಕಲ್ಲಂತೂ ಊರಿನದೇ. ಒಳ್ಳೆಯ ಮನೆಗಳೇ ಅವು, ನೆಲ ನಿಶ್ಚಲವಾಗಿರುವವರೆಗೆ.

ಪರಿಹಾರ ದೊಡ್ಡ ವಿಜ್ಞಾನವೇನಲ್ಲ. ಕಿಲ್ಲಾರಿಯ ವರ್ಷವಾದ 1993ರಲ್ಲಿಯೇ ಭಾರತೀಯ ಮಾನಕ ಸಂಸ್ಥೆ ಇಂಥ ಕಡಿಮೆ ಬಲದ ಕಲ್ಲು, ಇಟ್ಟಿಗೆ ಗೋಡೆಗಳಿಗೆ ಐಎಸ್ 13828 ಎಂಬ ಮಾರ್ಗಸೂಚಿ ತಂದಿದೆ. ಅದರ ಸಾರ ಯಾವ ಉಪ್ಪಾರಣ್ಣನಿಗೂ ತಿಳಿಯುವಂಥದ್ದು. ಗೋಡೆಯ ಒಳಮೈಯಿಂದ ಹೊರಮೈವರೆಗೆ ಆರುಪಾರು ಹೋಗುವ ಉದ್ದ ಕಲ್ಲನ್ನು ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ಪ್ರತಿ ನಾಲ್ಕು ಅಡಿಗೆ ಒಂದರಂತೆ ಇಡಬೇಕು. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಒಂದು ಪಟ್ಟಿ ಕಟ್ಟಬೇಕು, ನಡುವಿಗೆ ಉಡಿದಾರ ಕಟ್ಟಿದ ಹಾಗೆ. ಮೂಲೆಗಳನ್ನು ಬಿಗಿಯಬೇಕು. ಮಾಳಿಗೆಯ ಭಾರ ಇಳಿಸಬೇಕು. ಹಳೆಯ ಮನೆಗಳಿಗೂ ಇವುಗಳಲ್ಲಿ ಕೆಲವನ್ನು ಆಮೇಲೆ ಸೇರಿಸಬಹುದು, ಕಿಲ್ಲಾರಿಯ ನಂತರ ಮಹಾರಾಷ್ಟ್ರದಲ್ಲಿ ಸೇರಿಸಿದರು ಕೂಡ.

ಹಣ ಎಲ್ಲಿಂದ ಎಂದು ಕೇಳುವವರಿಗೆ ನಮ್ಮ ಉತ್ತರ: ನೆಲದಿಂದಲೇ. 2015ರ ಗಣಿ ಕಾಯ್ದೆ ತಿದ್ದುಪಡಿಯ ಪ್ರಕಾರ ಸುಣ್ಣಕಲ್ಲಿನ ಗಣಿಗಳು ರಾಜಧನದ ಮೇಲೆ ಶೇಕಡಾ 10 ಅಥವಾ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಅದು ಗಣಿ ಬಾಧಿತ ಊರುಗಳ ಹಣ. 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸಾವಿರಾರು ಕೋಟಿ ಅನುದಾನ ಘೋಷಣೆಯಾಗುತ್ತಿದೆ. ಸಿಸಿ ರಸ್ತೆ, ಸಮುದಾಯ ಭವನಗಳ ಪಟ್ಟಿಯಲ್ಲಿ ಗೋಡೆ ಬಿಗಿಯುವ ಕೆಲಸಕ್ಕೂ ಒಂದು ಸಾಲು ಸಿಗಬಾರದೇಕೆ? ಶಾಲೆ, ಅಂಗನವಾಡಿಗಳಿಂದ ಶುರು ಮಾಡಿ, ನಂತರ ಮನೆಗಳಿಗೆ ಬರಲಿ.

ಇದನ್ನು ಓದುವವರಲ್ಲಿ ತಾಲೂಕು ವರದಿಗಾರರು ಅನೇಕರಿದ್ದೀರಿ. ಕಂಪನವಾದ ದಿನ ನಮ್ಮ ಪುಟಗಳಲ್ಲಿ ‘ಗ್ರಾಮಸ್ಥರಲ್ಲಿ ಆತಂಕ’ ಎಂಬ ತಲೆಬರಹ ಬರುತ್ತದೆ, ಮರುದಿನ ‘ಆತಂಕ ಬೇಡ: ಅಧಿಕಾರಿಗಳು’ ಎಂದು ಬರುತ್ತದೆ, ಮೂರನೆಯ ದಿನ ಏನೂ ಬರುವುದಿಲ್ಲ. ಆ ಮೂರನೆಯ ದಿನದ ಸುದ್ದಿಯೇ ನಮ್ಮ ಕೆಲಸ. ಕೇಳಬೇಕಾದ ಪ್ರಶ್ನೆಗಳು ಮೂರು. ಈ ತಾಲೂಕಿನಲ್ಲಿ ಕಾಯಂ ಕಂಪನಮಾಪಕ ಎಷ್ಟು, ಅವುಗಳ ದಾಖಲೆ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ಯಾವಾಗ ತಲುಪುತ್ತದೆ? ನಮ್ಮ ಊರುಗಳ ಕೆಳಗಿನ ಬಿರುಕುಗಳ ನಕ್ಷೆ ಮತ್ತು ಗಣಿಗಳಲ್ಲಿ ಮದ್ದು ಸಿಡಿಸಿದ ಸಮಯದ ದಾಖಲೆ ಜನರ ಕಣ್ಣಿಗೆ ಎಲ್ಲಿ ಬೀಳುತ್ತವೆ? ಈ ವರ್ಷ ಎಷ್ಟು ಶಾಲೆ, ಎಷ್ಟು ಮನೆಗಳ ಗೋಡೆ ಬಿಗಿದಿದ್ದೀರಿ?

ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ಬರೆದು ಕೊಡಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಉತ್ತರ ಬಂದರೆ ಇಲ್ಲಿ ಹಾಕೋಣ. ಬಾರದಿದ್ದರೆ ಬರಲಿಲ್ಲ ಎಂಬುದನ್ನೇ ತಾರೀಖು ಸಮೇತ ಹಾಕೋಣ. ಮಳೆಗಾಲಕ್ಕೆ ಕಾಯುವುದು ಬೇಡ.